ಐವೆಲ್ ಟ್ರ್ಯಾಕ್ಟರ್ ನೋಡಲು ಅಪ್ಪನ ಜೊತೆ

ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್‌ನಲ್ಲಿ ಬಿಗ್ಗಲ್ಸ್‌ವೇಡ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ಡ್ಯಾನ್ ಆಲ್ಬೋನ್ ಅನ್ನುವವನು ಸೈಕಲ್ ಮಾಡಿ ಮಾರುತ್ತಿದ್ದ. ಊರ ಪಕ್ಕ ಹರಿಯುವ ಐವೆಲ್ ಹೊಳೆಯ ಹೆಸರನ್ನೇ ಸೈಕಲ್ಲಿಗೂ ಇಟ್ಟಿದ್ದ. 1902ರಲ್ಲಿ ಪೆಟ್ರೋಲಿನಿಂದ ಓಡುವ ಟ್ರ್ಯಾಕ್ಟರ್ ಮಾಡಿದಾಗಲೂ ಅದೇ ಹೆಸರು. ಅದೇ ವರ್ಷದ ಕೊನೆಗೆ ಐವೆಲ್ ಅಗ್ರಿಕಲ್ಚರಲ್ ಮೋಟರ್ಸ್ ಕಂಪನಿಯೂ ಶುರುವಾಯಿತು.

ಈಗ ಉಳಿದಿರುವುದು ಬೆರಳೆಣಿಕೆಯಷ್ಟು ಐವೆಲ್‌ಗಳು ಮಾತ್ರ. ಅವುಗಳಲ್ಲಿ ಒಂದು ಹಳೇ ಯಂತ್ರಗಳ ಜಾತ್ರೆಗೆ ಬರುತ್ತದೆ ಅಂತ ಗೊತ್ತಾಯಿತು. ಅಪ್ಪ ಆಗ ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದರು. ಗದ್ದೆಯಲ್ಲಿ ಟಿಲ್ಲರ್ ಹಿಡಿದೇ ನಮ್ಮನ್ನು ಓದಿಸಿದವರು. ಅವರಿಗೆ ಲಂಡನ್ನಿನ ಅರಮನೆಗಿಂತ ಇದು ಜಾಸ್ತಿ ಇಷ್ಟವಾಗುತ್ತೆ ಅಂತ ನನಗೆ ಅನುಮಾನವೇ ಇರಲಿಲ್ಲ.

ಜಾತ್ರೆಯ ತುಂಬ ಉಗಿ ಎಂಜಿನ್‌ಗಳು. ಒಂದೊಂದೂ ಹತ್ತು ಟನ್ನಿಗಿಂತ ಜಾಸ್ತಿ ಭಾರ. ಅವನ್ನು ಹೊಲಕ್ಕೆ ಇಳಿಸಿದರೆ ಮಣ್ಣು ಗಟ್ಟಿಯಾಗುತ್ತಿತ್ತು, ಒದ್ದೆ ನೆಲವಾದರೆ ಎಂಜಿನ್ನೇ ಹೂತುಹೋಗುತ್ತಿತ್ತು. ಅದಕ್ಕೇ ಹೊಲದ ಆ ಬದಿಗೊಂದು, ಈ ಬದಿಗೊಂದು ಎಂಜಿನ್ ನಿಲ್ಲಿಸಿ, ನಡುವೆ ತಂತಿಹಗ್ಗ ಕಟ್ಟಿ ನೇಗಿಲನ್ನು ಎಳೆಸುತ್ತಿದ್ದರು. ಸಣ್ಣ ರೈತನಿಗೆ ಇದೆಲ್ಲ ಎಟುಕುವ ಮಾತಾ? ಅವನಿಗಿದ್ದದ್ದು ಕುದುರೆ ಮಾತ್ರ.

ಐವೆಲ್ ತೂಗುತ್ತಿದ್ದದ್ದು ಸುಮಾರು ಒಂದೂವರೆ ಟನ್. ಆಲ್ಬೋನ್‌ನ ದೊಡ್ಡತನ ಇರುವುದೇ ಇಲ್ಲಿ ಅಂತ ನನಗನ್ನಿಸುತ್ತದೆ. ಎಲ್ಲರೂ ದೊಡ್ಡ ಯಂತ್ರದ ಹಿಂದೆ ಬಿದ್ದಿದ್ದಾಗ, ಹೊಲದೊಳಗೇ ಓಡಾಡುವ ಹಗುರ ಯಂತ್ರ ಬೇಕು ಅಂತ ಅವನಿಗೆ ಹೊಳೆದಿತ್ತು.

ಅಪ್ಪ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಮುಂದೆ ಒಂದು ಚಕ್ರ, ಹಿಂದೆ ಎರಡು ದೊಡ್ಡ ಕಬ್ಬಿಣದ ಚಕ್ರ. ಎಂಜಿನ್ನಿನ ಎರಡು ಸಿಲಿಂಡರ್‌ಗಳು ಮಲಗಿಸಿದಂತೆ ಎದುರುಬದುರಾಗಿವೆ.

"ಗೇರ್ ಎಷ್ಟು ಕೇಳು ಮಾರಾಯ."

ಮಾಲೀಕರನ್ನು ಕೇಳಿದೆ. ಮುಂದಕ್ಕೊಂದು, ಹಿಂದಕ್ಕೊಂದು, ಅಷ್ಟೇ.

"ರೇಡಿಯೇಟರ್ ಎಲ್ಲಿ?"

ಹಿಂದಿದ್ದ ನೀರಿನ ಟ್ಯಾಂಕ್ ತೋರಿಸಿದರು. ಅಪ್ಪ ಅದನ್ನು ತಟ್ಟಿ ನೋಡಿದರು. "ನೀರಿನ ಭಾರ ಹಿಂದಿನ ಚಕ್ರದ ಮೇಲೇ ಕೂರುತ್ತಲ್ಲ, ಹಿಡಿತಕ್ಕೆ ಒಳ್ಳೇದೇ ಆಯ್ತು" ಅಂದರು. ಮಾಲೀಕರಿಗೆ ಅದನ್ನು ಹೇಳಿದೆ. ಆಮೇಲಿಂದ ಅವರು ಮಾತಾಡಿದ್ದೆಲ್ಲ ಅಪ್ಪನ ಮುಖ ನೋಡಿಕೊಂಡೇ. ಪಕ್ಕದಲ್ಲಿದ್ದ ಪುಲ್ಲಿಯನ್ನೂ ತೋರಿಸಿದರು. ಅದಕ್ಕೆ ಬೆಲ್ಟ್ ಹಾಕಿ ಕಾಳು ಬಡಿಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಓಡಿಸುತ್ತಿದ್ದರಂತೆ.

ಬೆಲೆ 300 ಪೌಂಡ್. ಒಟ್ಟು ಸುಮಾರು 500 ಟ್ರ್ಯಾಕ್ಟರ್‌ಗಳು ತಯಾರಾದವು, ಹೊರದೇಶಗಳಿಗೂ ಹೋದವು. ಆದರೆ 1906ರಲ್ಲಿ, 46ನೇ ವಯಸ್ಸಿಗೇ ಆಲ್ಬೋನ್ ತೀರಿಕೊಂಡ.

"ಕೈಕೆಳಗೆ ಕಲಿತವರು ಯಾರೂ ಇರಲಿಲ್ವಾ?" ಅಪ್ಪ ಕೇಳಿದರು.

ಕೆಲಸಗಾರರು ಇದ್ದರು. ಕಂಪನಿಯ ನಿರ್ದೇಶಕರಲ್ಲಿ ಸೆಲ್ವಿನ್ ಎಡ್ಜ್, ಚಾರ್ಲ್ಸ್ ಜಾರಟ್‌ರಂಥ ಹೆಸರುವಾಸಿ ಕಾರ್ ರೇಸ್ ಓಟಗಾರರೂ ಇದ್ದರು. ಆದರೆ ಹೊಲಕ್ಕೇ ಹೋಗಿ ಯಂತ್ರ ಓಡಿಸಿ, ಏನು ಸರಿಯಿಲ್ಲ ಅಂತ ನೋಡಿ ತಿದ್ದುತ್ತಿದ್ದವನೇ ಹೋಗಿದ್ದ. ಬೇರೆಯವರು ಹೊಸ ಹೊಸ ಟ್ರ್ಯಾಕ್ಟರ್ ತರುತ್ತಿದ್ದರೆ ಐವೆಲ್ ಹೆಚ್ಚೇನೂ ಬದಲಾಗದೆ ಹಿಂದೆ ಬಿತ್ತು. 1917ರಲ್ಲಿ ಅಮೆರಿಕದಿಂದ ಫೋರ್ಡ್‌ಸನ್ ಬಂತು. ಅದೂ ಹಗುರ, ಮೇಲಾಗಿ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುತ್ತಿದ್ದ ಅಗ್ಗದ ಮಾಲು. 1920ರ ಹೊತ್ತಿಗೆ ಐವೆಲ್ ಕಂಪನಿ ದಿವಾಳಿಯಾಯಿತು. ಆಲ್ಬೋನ್ ಕಂಡಿದ್ದ ದಾರಿಯಲ್ಲೇ ಇನ್ನೊಬ್ಬರು ಗೆದ್ದರಲ್ಲ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮಧ್ಯಾಹ್ನ ಹ್ಯಾಂಡಲ್ ತಿರುಗಿಸಿ ಎಂಜಿನ್ ಶುರು ಮಾಡಿದರು. ಟ್ರ್ಯಾಕ್ಟರ್ ನಡೆಯುವ ವೇಗದಲ್ಲಿ ಮೈದಾನದಲ್ಲಿ ಒಂದು ಸುತ್ತು ಬಂತು. ಜನ ಚಪ್ಪಾಳೆ ಹೊಡೆದರು.

"ಉಳೋದು ಯಾವಾಗ?" ಅಂದರು ಅಪ್ಪ.

ಇವತ್ತು ಉಳುವುದಿಲ್ಲ, ಸುಮ್ನೆ ಸುತ್ತು ಹಾಕಿಸುವುದಷ್ಟೇ ಅಂತ ಮಾಲೀಕರು ಹೇಳಿದರು. ಅಪ್ಪನಿಗೆ ಸಮಾಧಾನವಾಗಲಿಲ್ಲ. ಮುಂದಿನ ಸಲ ನೇಗಿಲು ಕಟ್ಟಿಕೊಂಡೇ ಬರಬೇಕು ಅಂತ ನನ್ನಿಂದ ಎರಡೆರಡು ಸಲ ಹೇಳಿಸಿದರು. ಮಾಲೀಕರು ನಗುತ್ತಾ ಅಪ್ಪನ ಕೈ ಕುಲುಕಿ, ಯಾವ ನೇಗಿಲು ಒಳ್ಳೆಯದು ಅಂತ ಕೇಳಿದರು. ಅದರ ಮೇಲೆ ಮತ್ತೆ ಅರ್ಧ ಗಂಟೆ ಮಾತು ನಡೆಯಿತು.