ಬೇಡಿದ್ದು ಸಿಕ್ಕಿತೇ?

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಪ್ರಸಾದದ ಪೊಟ್ಟಣ ಬಿಚ್ಚುವಾಗ, ಎಲ್ಲ ಕಡೆಯೂ ನನಗೆ ಎದುರಾಗುವ ಪ್ರಶ್ನೆ ಒಂದೇ: "ರಜೆ ಬಂತೆಂದರೆ ಯಾವುದಾದರೂ ದೇವಸ್ಥಾನಕ್ಕೆ ಹೊರಟುಬಿಡುತ್ತೀರಲ್ಲ, ಬೇಡಿದ್ದು ಸಿಕ್ಕಿತೇ?" ಕೇಳುವವರಲ್ಲಿ ಕೆಲವರಿಗೆ ನನ್ನನ್ನು ಕೊಂಚ ಕೆಣಕುವ ಆಸೆ. ಉಳಿದವರಿಗೆ ಯಾವ ದೇವರು ಬೇಗ ಕಣ್ಣು ಬಿಡುತ್ತಾನೆ ಎಂದು ತಿಳಿದುಕೊಳ್ಳುವ ಅವಸರ. ವಿಳಾಸ ಕೊಟ್ಟರೆ ಅಂದೇ ಹೊರಟಾರು. ನನ್ನ ಉತ್ತರ ಇಬ್ಬರಿಗೂ ರುಚಿಸುವುದಿಲ್ಲ. ಚಿಕ್ಕಪುಟ್ಟವು ಸಿಕ್ಕಿವೆ. ಬಹಳ ಬೇಕಾಗಿದ್ದವು ಸಿಗಲಿಲ್ಲ. ಆದರೂ ಹೋಗುತ್ತೇನೆ.

ಯಾಕೆ ಎಂದು ಹೇಳಬೇಕಾದರೆ ಅಪ್ಪನ ಕಾಯಿಲೆಯ ವಿಷಯ ಎತ್ತಬೇಕು. ಅಪ್ಪನ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಡಯಾಲಿಸಿಸ್ ನಡೆಯುತ್ತಿದ್ದ ದಿನಗಳಲ್ಲಿ ಅಮ್ಮ ತಿಮ್ಮಪ್ಪನಿಗೆ ಹರಕೆ ಹೊತ್ತಳು: ಇವರು ಎದ್ದು ಓಡಾಡುವಂತಾದರೆ ಅಲಿಪಿರಿಯಿಂದ ಬೆಟ್ಟ ಹತ್ತಿ ಬರುತ್ತೇನೆ. ಅಪ್ಪ ಏಳಲಿಲ್ಲ. ವರ್ಷದ ತಿಥಿ ಮುಗಿದ ಮೇಲೆ ಅಮ್ಮ ತಿರುಪತಿಗೆ ಹೋಗೋಣ ಎಂದಳು. ಅಣ್ಣ ಸಿಡಿದುಬಿದ್ದ. "ಕೆಲಸವೇ ಆಗಲಿಲ್ಲ, ಕೂಲಿ ಯಾಕೆ ಕೊಡುತ್ತೀಯಮ್ಮ?" ಎಂದ. ಅಮ್ಮ ಅವನ ಮೇಲೆ ರೇಗಲೂ ಇಲ್ಲ, ಅಳಲೂ ಇಲ್ಲ. "ಕೊಡದೆ ಹೋದದ್ದು ಅವನ ಲೆಕ್ಕ. ಹೇಳಿದ್ದು ನನ್ನ ಲೆಕ್ಕ" ಎಂದು ಸೀರೆ ಮಡಿಸಿ ಬ್ಯಾಗಿಗೆ ಹಾಕಿದಳು.

ಕೋಲಾರದಿಂದ ತಿರುಪತಿಗೆ ಹೋಗುವವರು ಮುಳಬಾಗಿಲಿನ ಆಂಜನೇಯನಿಗೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ. ಅರ್ಜುನನೇ ಪ್ರತಿಷ್ಠಾಪಿಸಿದ ಮೂರ್ತಿ ಎಂಬುದು ನಮ್ಮ ಕಡೆಯವರ ನಂಬಿಕೆ. ಅಲ್ಲಿ ನಿಂತು, ಪಲಮನೇರು, ಚಿತ್ತೂರು ದಾಟಿ, ಮರುದಿನ ನಸುಕಿನಲ್ಲೇ ಮೆಟ್ಟಿಲು ಹತ್ತಲು ಶುರು ಮಾಡಿದೆವು. ಅಲಿಪಿರಿಯಿಂದ ಮೇಲಕ್ಕೆ 3,500ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅಮ್ಮನಿಗೆ ಮಂಡಿನೋವು. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬಾಗಿ ಬಾಗಿ ಹತ್ತುತ್ತಿದ್ದ ಹೆಂಗಸೊಬ್ಬಳು ಅಮ್ಮನ ಪಕ್ಕದಲ್ಲಿ ದಣಿವಾರಿಸಿಕೊಳ್ಳಲು ಕುಳಿತು, ಏನು ಹರಕೆ ಎಂದು ತೆಲುಗಿನಲ್ಲಿ ಕೇಳಿದಳು. ನಮ್ಮ ಜಿಲ್ಲೆಯವರಿಗೆ ತೆಲುಗು ಬೇರೆ ಭಾಷೆಯಲ್ಲ. "ಏನೂ ಇಲ್ಲಮ್ಮ. ಬರುತ್ತೇನೆ ಎಂದಿದ್ದೆ, ಬಂದೆ" ಎಂದು ಅಮ್ಮನೂ ತೆಲುಗಿನಲ್ಲೇ ಹೇಳಿದಳು. ಆ ಹೆಂಗಸು ಅಮ್ಮನ ಮುಖವನ್ನೊಮ್ಮೆ ನೋಡಿ, ಮುಂದಿನ ಮೆಟ್ಟಿಲಿನಿಂದ ಅಮ್ಮನ ತೋಳು ಹಿಡಿದುಕೊಂಡಳು. ಒಂದು ಕೈಯಲ್ಲಿ ಅರಿಶಿನದ ಬಟ್ಟಲು, ಇನ್ನೊಂದರಲ್ಲಿ ಅಮ್ಮ. ಗಾಳಿಗೋಪುರದವರೆಗೂ ಹಾಗೆಯೇ ಹತ್ತಿದರು.

ದೇವರು ಮಾತಿಗೆ ತಪ್ಪುತ್ತಾನೋ ಇಲ್ಲವೋ ಎಂಬ ಚರ್ಚೆಯಲ್ಲಿ ನನಗೆ ಅಂದಿನಿಂದ ಆಸಕ್ತಿ ಉಳಿದಿಲ್ಲ. ಆಡಿದವರು ನಾವು, ನಮ್ಮ ಪಾಲಿನ ಮಾತನ್ನು ಉಳಿಸಿಕೊಂಡೆವೇ ಎಂಬುದಷ್ಟೇ ಸಾಕು. ನನ್ನ ಭಕ್ತಿ ಎಂದರೆ ಬಹುಮಟ್ಟಿಗೆ ಇಷ್ಟೇ. ಇದಕ್ಕೆ ವೇದಾಂತದ ತಳಹದಿ ಇದೆಯೋ ಇಲ್ಲವೋ, ಓದಿದವರು ಹೇಳಲಿ.

ಮದುವೆಯಾಗಿ ಬಂದ ಮನೆಯಲ್ಲೂ ಇದೇ ಗುಣ ಬೇರೊಂದು ರೂಪದಲ್ಲಿತ್ತು. ನಮ್ಮದು ಮುಳಬಾಗಿಲು ಕಡೆಯ ಹಳ್ಳಿ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಬತ್ತಿದ ಮೇಲೆ ರೈತನಿಗೆ ಉಳಿಯುವುದು ಕೊಳವೆಬಾವಿ, ಅದಕ್ಕಾಗಿ ಮಾಡುವ ಸಾಲ. ಒಂದು ಬೇಸಿಗೆಯಲ್ಲಿ ಮಾವನವರೂ ಕೊರೆಸಿದರು. ಪಾಯಿಂಟ್ ನೋಡುವವನು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದ. ಕಾಯಿ ನೆಟ್ಟಗೆ ನಿಂತ ಜಾಗದಲ್ಲಿ ಪೂಜೆಯಾಯಿತು. ಸಂಜೆ ತಮಿಳುನಾಡಿನ ರಿಗ್ ಲಾರಿ ಬಂದು ರಾತ್ರಿಯಿಡೀ ಕೊರೆಯಿತು. ಸಾವಿರ ಅಡಿ ದಾಟಿದರೂ ಮೇಲೆ ಬಂದದ್ದು ಬಿಳಿಯ ಧೂಳು ಮಾತ್ರ. ಅಡಿಗಿಷ್ಟು ಎಂಬ ಲೆಕ್ಕದಲ್ಲಿ ಸಾಲ ಏರುತ್ತಿತ್ತು. ಬೆಳಗಿನ ಜಾವ ಮಾವ "ಸಾಕು, ನಿಲ್ಲಿಸಿ" ಎಂದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನನಗೂ ಅತ್ತೆಗೂ ಹೇಳಿದರು: "ಆ ಹುಡುಗರಿಗೂ ಸೇರಿಸಿ ಎಸರಿಡಿ. ನೀರು ಬಾರದಿದ್ದರೆ ಅವರೇನು ಮಾಡಿಯಾರು? ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾರೆ."

ಹುಬ್ಬು ರೆಪ್ಪೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದ ಆ ಹುಡುಗರು ಜಗಲಿಯ ಮೇಲೆ ಕುಳಿತು ರಾಗಿಮುದ್ದೆಯನ್ನು ಅಗಿಯಲು ಹೋಗಿ ಒದ್ದಾಡಿದ್ದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕೆಂದು ಮಾವನೇ ತೋರಿಸಿಕೊಟ್ಟದ್ದು, ಆ ಹೊತ್ತಿನಲ್ಲೂ ನಾವೆಲ್ಲ ನಕ್ಕದ್ದು ನೆನಪಿದೆ. ಹಾಗೆಂದು ಆ ಸೋಲು ನಮಗೆ ಏನನ್ನೋ ಕಲಿಸಿತು ಎಂದು ನಾನು ಹೇಳಲಾರೆ. ಸಾಲ ತೀರಲು ವರ್ಷಗಳೇ ಹಿಡಿದವು. ಅದರಲ್ಲಿ ಪಾಠವೇನೂ ಇರಲಿಲ್ಲ, ಬಡ್ಡಿ ಇತ್ತು. ಆಗುವುದೆಲ್ಲ ಒಳ್ಳೆಯದಕ್ಕೇ ಎಂದು ಯಾರಾದರೂ ಸಮಾಧಾನ ಹೇಳಿದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಒಳ್ಳೆಯದಾಗದೇ ಇದ್ದಾಗಲೂ ಎದುರಿಗಿದ್ದವನ ಹಸಿವು ಕಾಣಿಸಬೇಕು, ಮಾವನಿಗೆ ಕಾಣಿಸುತ್ತಿತ್ತು. ಅವರು ದೇವಸ್ಥಾನಕ್ಕೆ ಹೋಗುತ್ತಿದ್ದುದು ಯುಗಾದಿಗೆ, ಸಂಕ್ರಾಂತಿಗೆ, ಅದೂ ಅತ್ತೆಯ ಒತ್ತಾಯಕ್ಕೆ.

ಅತ್ತೆಯದು ಬೇರೆಯೇ ದಾರಿ. ಬಿಂದಿಗೆ ಎತ್ತುವ ಮೊದಲು "ಗಂಗಮ್ಮ" ಎಂದು ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಕೋಲಾರದ ಪಕ್ಕದ ಅಂತರಗಂಗೆ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರನ್ನು ಬಾಟಲಿಯಲ್ಲಿ ತಂದುಕೊಟ್ಟರೆ ಅದನ್ನು ದೇವರ ಮನೆಯಲ್ಲಿಡುತ್ತಾರೆ. ಆದರೆ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯಿಂದ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೊಳಚೆ ನೀರಿನ ವಿಷಯಕ್ಕೆ ಬಂದರೆ ಅವರಿಗೆ ಇಬ್ಬಂದಿ. 2018ರಲ್ಲಿ ಆ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಹೋರಾಟಗಾರರು ಕೇಳುತ್ತಲೇ ಇದ್ದಾರೆ, ಕೇಳಬೇಕಾದ್ದೇ. ಇತ್ತ ಒಣಗಿದ್ದ ಕೊಳವೆಬಾವಿಯಲ್ಲಿ ನೀರು ಬಂತೆಂದು ಹೇಳುವ ರೈತರೂ ಇದ್ದಾರೆ. "ದೇವರಿಗೆ ಆ ನೀರು ಬೇಡ, ಹಿಪ್ಪುನೇರಳೆಗೆ ಆಗಲಿ" ಎಂಬುದು ಅತ್ತೆಯ ತೀರ್ಪು. ಆಮೇಲೆ ಸಣ್ಣ ದನಿಯಲ್ಲಿ, "ಬೆಂಗಳೂರಿನವರೂ ಚೆನ್ನಾಗಿರಲಿ" ಎಂದು ಸೇರಿಸುತ್ತಾರೆ.

ಬಳಿಕ ನಿಜವಾದ ಮಳೆಯೂ ಬಂತು. 2021ರಲ್ಲಿ, ಮತ್ತೆ 2022ರಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ಕಾಲದ ಮೇಲೆ ಕೋಡಿ ಬಿದ್ದವು. ನಮ್ಮೂರಿನದೂ ಬಿತ್ತು. ಹದಿಹರೆಯದ ನನ್ನ ಮಗಳಿಗೆ ಕೋಡಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಕಾಲುವೆಯಲ್ಲಿ ಮೀನು ಹಿಡಿಯುತ್ತಿದ್ದ ಹುಡುಗರನ್ನು ಮೊಬೈಲಿನಲ್ಲಿ ತೆಗೆದದ್ದೇ ತೆಗೆದದ್ದು. ಊರಿನವರು ಗಂಗೆಪೂಜೆ ಮಾಡಿದರು. ಅಕ್ಕಿಹಿಟ್ಟು ಬೆಲ್ಲ ಕಲಸಿ ಮಾಡಿದ ತಂಬಿಟ್ಟಿನ ದೀಪಗಳನ್ನು ಹೂವಿನಿಂದ ಅಲಂಕರಿಸಿ, ತಲೆಯ ಮೇಲೆ ಹೊತ್ತು, ತಮಟೆಯ ಹಿಂದೆ ಹೆಂಗಸರೆಲ್ಲ ಕೆರೆಯ ಏರಿಗೆ ನಡೆದೆವು. ಬಾಗಿನ ಬಿಟ್ಟೆವು. ಊಟಕ್ಕೆ ಕುಳಿತಾಗ ಮೊದಲ ಎಲೆ ಹಾಕಿದ್ದು ನೀರುಗಂಟಿಯ ಮನೆಯವರಿಗೆ. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಜಗಳವಾಗದಂತೆ ಹಂಚುವುದು ಆ ಮನೆತನದ ಕೆಲಸವಾಗಿತ್ತು. ಸುಗ್ಗಿಯಲ್ಲಿ ಕಣದಿಂದ ಅವರ ಪಾಲು ಹೋಗುತ್ತಿತ್ತು. ಕೆರೆ ಬತ್ತಿ, ಕೆಲಸ ಹೋಗಿ, ಅವರ ಮಗ ಈಗ ನರಸಾಪುರದ ಕಾರ್ಖಾನೆಯೊಂದಕ್ಕೆ ಪಾಳಿಯ ಮೇಲೆ ಹೋಗುತ್ತಾನೆ. ಆದರೂ ಎಲೆ ಅವರಿಗೇ ಮೊದಲು. ಇದನ್ನು ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ, ಹಿರಿಯರೊಬ್ಬರು ಕರೆದು ಕೂರಿಸಿದರು, ಅಷ್ಟೆ. ದೇವರಿಗೆ ಕೈಮುಗಿದು ನೀರುಗಂಟಿಯನ್ನು ಮರೆತಿದ್ದರೆ ಅಂದಿನ ಪೂಜೆ ನನ್ನ ಮಟ್ಟಿಗೆ ಅರ್ಧದ್ದೇ.

ಇನ್ನು ತಿರುಗಾಟದ ಮಾತು. ನನ್ನ ಯಜಮಾನರು ದೇವರನ್ನು ನಂಬುವುದಿಲ್ಲ. ಕಾರು ಓಡಿಸಿಕೊಂಡು ಬರುತ್ತಾರೆ, ದೇವಸ್ಥಾನದ ಹೊರಗೆ ನೆರಳು ಹುಡುಕುತ್ತಾರೆ. "ನೀವು ದೇವರನ್ನು ನೋಡಿ ಬನ್ನಿ, ನಾನು ಚಪ್ಪಲಿ ನೋಡಿಕೊಂಡಿರುತ್ತೇನೆ" ಎನ್ನುತ್ತಾರೆ. ಅವರು ತಾವಾಗಿ ಒಳಗೆ ಬಂದದ್ದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ.

ಅಲ್ಲಿ ವಿದುರ ನೆಟ್ಟದ್ದೆಂದು ನಂಬುವ ಅಶ್ವತ್ಥವೃಕ್ಷವಿತ್ತು. ಹಳೆಯ ಮರ 2001ರಲ್ಲಿ ಬಿತ್ತು. ಸುತ್ತ ಎಲ್ಲಿ ನೋಡಿದರೂ ನಾಗರಕಲ್ಲುಗಳು, ಸಾವಿರಾರು. ಮಕ್ಕಳಾಗಲಿ ಎಂದು, ಮದುವೆಯಾಗಲಿ ಎಂದು ಜನ ಹರಕೆ ಹೊತ್ತು ನಿಲ್ಲಿಸಿದ ಕಲ್ಲುಗಳು. ಬೇಡಿಕೆಗಳ ಕಾಡಿನಲ್ಲಿ ನಡೆದಂತಾಗುತ್ತದೆ. ಅದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹೆಚ್ಚಾಗಿ ಸುತ್ತಮುತ್ತಲ ಹಳ್ಳಿಗಳವರು. ಆ ಮೇಲೆ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆ ನಡೆಸಿದರು; ಮೈಸೂರಿನ ಧ್ವಜದೊಂದಿಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಒಪ್ಪಂದವಾಯಿತು. ನಾಗರಕಲ್ಲುಗಳ ನಡುವೆ ಹಣೆ ಹಚ್ಚಿ ಬಂದವರಲ್ಲಿ ಬಹಳ ಮಂದಿ ಹುತಾತ್ಮರ ಸ್ಮಾರಕದ ಕಡೆಗೆ ತಿರುಗಿಯೂ ನೋಡದೆ ಬಸ್ಸು ಹತ್ತುವುದನ್ನು ಕಂಡಿದ್ದೇನೆ. ನನ್ನ ಯಜಮಾನರು ಅಲ್ಲಿ ಹೋಗಿ ನಿಂತರು, ಚಪ್ಪಲಿ ಹೊರಗೆ ಬಿಟ್ಟಿದ್ದರು. ನಾನು ಕೆಣಕಲಿಲ್ಲ.

ಸಿದ್ಧಗಂಗೆಗೂ ಅವರು ಎರಡು ಮಾತಿಲ್ಲದೆ ಹೊರಡುತ್ತಾರೆ. ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಿಗುತ್ತದೆ ಎಂಬುದೂ ಒಂದು ಕಾರಣ, ಮುಚ್ಚಿಡುವುದೇಕೆ. ಅಲ್ಲಿ ಬೆಟ್ಟದ ಮೇಲಿನ ಗುಡಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಕೆಳಗಿನ ದಾಸೋಹ. ರೈತರು ತಂದು ಕೊಟ್ಟ ರಾಗಿ, ಅಕ್ಕಿ, ತರಕಾರಿ ಸಾವಿರಾರು ಮಕ್ಕಳ ಊಟವಾಗುವ ಜಾಗ ಅದು. ಶಿವಕುಮಾರ ಸ್ವಾಮೀಜಿಯವರು 111ನೇ ವಯಸ್ಸಿನಲ್ಲಿ, 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಮಕ್ಕಳ ಊಟ ಮುಗಿಯುವವರೆಗೆ ಸುದ್ದಿ ಹೊರಬರಬಾರದು ಎಂಬುದು ಅವರ ಇಚ್ಛೆಯಾಗಿತ್ತು ಎಂದು ಪತ್ರಿಕೆಗಳಲ್ಲಿ ಓದಿದೆವು. ಆ ವಾಕ್ಯ ಓದಿ ನನ್ನ ಯಜಮಾನರು ಪತ್ರಿಕೆ ಮಡಿಸಿಟ್ಟು ಹಿತ್ತಲಿಗೆ ಹೋದರು. ಅವರು ನಾಸ್ತಿಕರು ಎಂದು ನೆಂಟರು ಹೇಳಿದಾಗಲೆಲ್ಲ ನನಗೆ ಈ ದೃಶ್ಯ ಅಡ್ಡ ಬರುತ್ತದೆ.

"ನಿಮಗೆ ಎಲ್ಲ ಇದೆ, ಅದಕ್ಕೇ ಕೃತಜ್ಞತೆಯ ಮಾತು ಸುಲಭ" ಎಂದು ಎದುರು ಮನೆಯ ಟೀಚರ್ ಒಮ್ಮೆ ಮುಖಕ್ಕೆ ಹೊಡೆದಂತೆ ಹೇಳಿದರು. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ತಿಂಗಳ ಸಂಬಳ ಬರುವವಳು ತೃಪ್ತಿಯ ಬಗ್ಗೆ ಮಾತನಾಡಿದರೆ ಕೇಳುವವರಿಗೆ ಕಿರಿಕಿರಿಯಾಗುವುದು ಸಹಜ. ಟೊಮೆಟೊ ಬೆಲೆ ಬಿದ್ದು, ಕ್ರೇಟುಗಟ್ಟಲೆ ಹಣ್ಣನ್ನು ರಸ್ತೆಬದಿಗೆ ಸುರಿದು ಬಂದ ನಮ್ಮ ಜಿಲ್ಲೆಯ ರೈತನಿಗೆ ದೇವರಿಗೆ ಕೈಮುಗಿ ಎಂದು ಹೇಳುವ ಧೈರ್ಯ ನನಗಿಲ್ಲ. ಅವನಿಗೆ ಬೇಕಾದ್ದು ಬೆಲೆ. ನನ್ನ ಅಮ್ಮನೂ ಮಾವನೂ ಇನ್ನೊಬ್ಬರಿಗೆ ಹೀಗಿರಿ ಎಂದು ಹೇಳಿದವರಲ್ಲ ಎಂಬುದನ್ನಷ್ಟೇ ಟೀಚರಿಗೆ ಹೇಳಿದೆ.

ಅವರು ಅಷ್ಟಕ್ಕೇ ಬಿಡಲಿಲ್ಲ, ಮುಂದಿನ ಭಾನುವಾರ ನಮ್ಮ ಜೊತೆಗೇ ಕುರುಡುಮಲೆಗೆ ಬಂದರು. ಒಂದೇ ಕಲ್ಲಿನಲ್ಲಿ ಕಡೆದ ಸುಮಾರು 13.5 ಅಡಿ ಎತ್ತರದ ಗಣಪತಿ. ಹೊಸ ಕೆಲಸ ಶುರು ಮಾಡುವವರು ಅಲ್ಲಿಗೆ ಮೊದಲು ಬರುತ್ತಾರೆ. ಟೀಚರ್ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ವಾಪಸು ಬರುವಾಗ ತಾವೇ ಹೇಳಿದರು: ವರ್ಗಾವಣೆ ಕೇಳಿದ್ದೇನೆ, ತುಮಕೂರಿನ ಕಡೆಗೆ, ತವರು ಹತ್ತಿರವಾಗುತ್ತದೆ. ಆದೇಶ ಆ ವರ್ಷವೇ ಬಂತು. ತುಮಕೂರು ಜಿಲ್ಲೆಯೇ, ಆದರೆ ಪಾವಗಡ. ಆಂಧ್ರದೊಳಕ್ಕೆ ಚಾಚಿಕೊಂಡಿರುವ ಆ ತಾಲ್ಲೂಕಿಗೆ ತುಮಕೂರು ಪಟ್ಟಣದಿಂದಲೇ ಒಂದು ಪ್ರಯಾಣ. ಸಾಮಾನು ಕಟ್ಟುವಾಗ ನಾನು ಹೋಗಿದ್ದೆ. ಎಲ್ಲರೂ ನನಗೆ ಕೇಳುವುದನ್ನು ಅಂದು ನಾನೇ ಅವರಿಗೆ ಕೇಳಿದೆ.

"ಸಿಕ್ಕಿತು. ಜಿಲ್ಲೆ ಹೇಳಿದೆ, ತಾಲ್ಲೂಕು ಹೇಳಲು ಮರೆತೆ" ಎಂದರು. ಅಲ್ಲಿ ಶನಿಮಹಾತ್ಮನ ದೇವಸ್ಥಾನವಿದೆ, ಒಂದು ಶನಿವಾರ ಎಲ್ಲರೂ ಬನ್ನಿ, ನಿಮ್ಮ ಯಜಮಾನರಿಗೆ ಚಪ್ಪಲಿ ಕಾಯಲು ಅಲ್ಲಿನ ಸೋಲಾರ್ ಪಾರ್ಕಿನ ಫಲಕಗಳ ನೆರಳು ಬೇಕಾದಷ್ಟಿದೆ ಎಂದೂ ಸೇರಿಸಿದರು.