ರಜಾ ಅರ್ಜಿ, ಕೆಲಸದ ಅರ್ಜಿ

ತುಮಕೂರು
13 ಅಕ್ಟೋಬರ್ 2024, ಭಾನುವಾರ

ಹಬ್ಬ ಮುಗೀತು. ಸ್ಕೂಟರಿಗೆ ಕಟ್ಟಿದ್ದ ಚೆಂಡು ಹೂವು ಬಾಡಿ ನೇತಾಡುತ್ತಿದೆ, ಬಿಚ್ಚೋಕೂ ಪುರುಸೊತ್ತಿಲ್ಲ. ಬೆಳಿಗ್ಗೆಯಿಂದ ಒಂದು ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದ ಅರ್ಜಿ ಹಿಡಿದು ಕೂತಿದ್ದೇನೆ. ಸಹಾಯಕ ಪ್ರಾಧ್ಯಾಪಕ ಹುದ್ದೆ.

"ಮಕ್ಕಳಿಗೆ ಅರ್ಜಿ ಬರೆಯೋದು ಕಲಿಸೋಳು, ನಿನ್ನ ಅರ್ಜಿಗೆ ಇಷ್ಟು ಹೊತ್ತೇನೇ?" ಅಂತ ಅಮ್ಮ.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ಒಂದು ಪಟ್ಟಿ ಇದೆ. ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನೋದು ಅದರ ಅಂಕದ ಮೇಲೆ. ಪಿಎಚ್‌ಡಿಗೆ 30. ಉಪನ್ಯಾಸಕರಾಗೋಕೆ ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್‌ಗೆ 5. ಅದರ ರಾಜ್ಯಮಟ್ಟದ ರೂಪ, ನನ್ನ ಹತ್ತಿರ ಇರುವ ಕೆ-ಸೆಟ್‌ಗೆ 3. ಪಾಠ ಮಾಡಿದ ಒಂದೊಂದು ವರ್ಷಕ್ಕೆ 2, ವರ್ಷ ಪೂರ್ತಿ ಆಗದಿದ್ದರೆ ಅಷ್ಟಕ್ಕೆ ತಕ್ಕಂತೆ ಕಡಿತ. ನಾನು ಅತಿಥಿ ಉಪನ್ಯಾಸಕಿ. ಸೆಮಿಸ್ಟರ್ ಮುಗಿದರೆ ಮನೆಗೆ, ಮತ್ತೆ ಆದೇಶ ಬರುವ ತನಕ ಕಾಯಬೇಕು. ವರ್ಷಕ್ಕೆ ಒಂಬತ್ತು ತಿಂಗಳ ಹಾಗೆ ಲೆಕ್ಕ ಹಾಕಿದರೆ ನಾಲ್ಕು ವರ್ಷದ ಪಾಠ ಮೂರೇ ವರ್ಷ ಆಯಿತು. 8 ಹೋಗಿ 6. ಥೀಸಿಸ್ ಇನ್ನೂ ಸಲ್ಲಿಸಿಲ್ಲ, ಆ 30ರ ಮಾತೇ ಬೇಡ.

ಇನ್ನೊಂದು ತಲೆನೋವು 'ವಿಶೇಷ ಪರಿಣತಿ' ಅನ್ನೋ ಕಾಲಂ. ನನ್ನದು ಕಾಂಪೊಸಿಷನ್, ಅಂದರೆ ಬರವಣಿಗೆ ಕಲಿಸೋದು. ಕನ್ನಡ ಮೀಡಿಯಂ ಮಕ್ಕಳು ಇಂಗ್ಲಿಷಿನಲ್ಲಿ ಬರೆಯೋದನ್ನು ಹೇಗೆ ಕಲಿಯುತ್ತಾರೆ ಅನ್ನೋದರ ಮೇಲೆ ಸಂಶೋಧನೆ. ಹಾಗಂದರೆ ಇಲ್ಲಿ ಎಲ್ಲರಿಗೂ ನೆನಪಾಗೋದು ಹೈಸ್ಕೂಲಿನ ಹಸುವಿನ ಪ್ರಬಂಧ! ಅಮೆರಿಕದಲ್ಲಿ ಇದೇ ಒಂದು ವಿಷಯ. ಹಾರ್ವರ್ಡ್‌ನಲ್ಲಿ 1885ರಲ್ಲೇ ಮೊದಲ ವರ್ಷದವರಿಗೆ ಬರವಣಿಗೆ ಪಾಠ ಶುರುವಾಗಿತ್ತು. ಇದನ್ನು ಕಲಿಸುವವರದ್ದೇ ಸಂಘ 1949ರಿಂದ ಇದೆ. ಅಲ್ಲಿ ಸೆಪ್ಟೆಂಬರಿನಿಂದ ಹುದ್ದೆಗಳ ಜಾಹೀರಾತು ಬರುತ್ತವೆ. ನಮ್ಮಲ್ಲೂ ಹರಿಯಾಣದ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಲ್ಲಿ ಬರವಣಿಗೆಗೇ ಒಂದು ಕೇಂದ್ರ ಇದೆ. ಆದರೆ ತುಮಕೂರಿನಿಂದ ಸೋನಿಪತ್ತಿಗೆ ಹೋಗ್ತೀನಿ ಅಂದರೆ ಅಮ್ಮ ಊಟ ಬಿಟ್ಟಾಳು. ಸದ್ಯಕ್ಕೆ ಕಾಲಂನಲ್ಲಿ 'ಇಂಗ್ಲಿಷ್ ಭಾಷಾ ಬೋಧನೆ' ಅಂತ ಬರೆದೆ. ಸಂದರ್ಶನದಲ್ಲಿ ಕೇಳೋದು ಹೇಗಿದ್ದರೂ ಷೇಕ್ಸ್‌ಪಿಯರನ್ನೇ, ಅಲ್ವಾ?

ಅಮೆರಿಕದ ಜಾಹೀರಾತುಗಳಲ್ಲಿ ನನಗೆ ಹಿಡಿಸಿದ್ದು ಒಂದೇ. ನೀವು ಹೇಗೆ ಕಲಿಸ್ತೀರಿ, ಒಂದೆರಡು ಪುಟ ಬರೆದು ಕಳಿಸಿ ಅಂತ ಕೇಳುತ್ತಾರೆ. ಸುಮ್ನೆ ಕೂತು ಬರೆಯೋಣ ಅನ್ನಿಸಿತು. ತಕ್ಷಣ ನೆನಪಾಗಿದ್ದು ಪಾವಗಡ ಕಡೆಯ ಒಬ್ಬ ಹುಡುಗ.

ಹೋದ ವಾರ ರಜಾ ಅರ್ಜಿ ಬರೆಸಿದ್ದೆ. ಅರವತ್ತೆರಡು ಜನರಲ್ಲಿ ಐವತ್ತಕ್ಕೂ ಜಾಸ್ತಿ ಜನಕ್ಕೆ ಜ್ವರ. ಗೈಡಿನಲ್ಲಿ ಇರೋದು ಅದೇ ವಾಕ್ಯ, 'ಆ್ಯಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್'. ಇವನಿಗೂ ಜ್ವರವೇ. "ನಿಜವಾಗ್ಲೂ ಯಾಕೆ ಬರಲಿಲ್ಲಪ್ಪಾ?" ಅಂದೆ. "ಕಡಲೆಕಾಯಿ ಕೀಳೋದಿತ್ತು ಮೇಡಂ." ಅದನ್ನೇ ಬರಿ ಅಂದೆ. ಎರಡನೇ ಸಲ ಜ್ವರದ ಪಕ್ಕದಲ್ಲೇ ಕಡಲೆಕಾಯಿಯನ್ನೂ ಸೇರಿಸಿದ್ದ. ಮೂರನೇ ಸಲ ಜ್ವರ ಬಿಟ್ಟಿತ್ತು. ಎಷ್ಟು ಎಕರೆ, ಕೂಲಿಯವರು ಸಿಗದೆ ಇವನೇ ಯಾಕೆ ನಿಲ್ಲಬೇಕಾಯಿತು, ಎಲ್ಲಾ ಇತ್ತು. ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು, ನಾನು ಕೆಂಪು ಪೆನ್ನು ತೆಗೆಯಲಿಲ್ಲ. ತೆಗೆಯಬೇಕಿತ್ತೇನೋ.

ನಾಳೆ ಅವನನ್ನು ಕೇಳಬೇಕು, ಆ ಮೂರು ಪುಟದ ಫೋಟೊ ತಗೊಳ್ಳಲಾ ಅಂತ. ಬಂದಿದ್ದರೆ. ಕಡಲೆಕಾಯಿ ಇನ್ನೂ ಮುಗಿದಿರಲಿಕ್ಕಿಲ್ಲ.