ಒಂದು ಗೋಪುರದ ಕಾರ್ಡು

ಅಂಗಡಿಯಲ್ಲಿ ಉಳಿದಿದ್ದದ್ದು ಎಡಗೈ ಮಾತ್ರ.

ಹಳೆ ಗೋವಾದಲ್ಲಿ ನೊವೆನಾ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ ಸಮಯದಲ್ಲಿ ರಸ್ತೆ ಬದಿಗೆ ಮೇಣದ ಕೈ, ಮೇಣದ ಕಾಲು, ಮೇಣದ ಪುಟ್ಟ ಮಗು, ಎಲ್ಲ ಸಾಲಾಗಿ ಇಟ್ಟು ಮಾರುತ್ತಾರೆ. ನಮ್ಮ ಕಡೆ ದೇವಸ್ಥಾನಗಳಿಗೆ ಹರಕೆ ಅಂತ ಬೆಳ್ಳಿಯ ಕೈಕಾಲು ಒಪ್ಪಿಸುತ್ತಾರಲ್ಲ, ಹಾಗೆಯೇ. ಅಮ್ಮನಿಗೆ ಬೇಕಾದದ್ದು ಬಲಗೈ. ಮಾರುವ ಹೆಂಗಸು ಬುಟ್ಟಿಯ ತಳದವರೆಗೂ ಹುಡುಕಿದಳು. ಸಿಗಲಿಲ್ಲ. ಕೊನೆಗೆ ಒಂದು ಚಪ್ಪಟೆ ಎಡಗೈ ತೆಗೆದು ಅಂಗಾತ ಮಗುಚಿ ಅಮ್ಮನ ಮುಂದೆ ಹಿಡಿದಳು. "ಈಗ ಬಲಗೈ ಆಯ್ತಲ್ಲ!"

ಅಮ್ಮ ಒಂದು ನಿಮಿಷ ಅದನ್ನೇ ನೋಡಿದರು. ಆಮೇಲೆ ನಕ್ಕು ದುಡ್ಡು ಕೊಟ್ಟರು.

ಜುಲೈ ತಿಂಗಳ ಮಳೆಗೆ ನಮ್ಮ ಅಂಗಳದಲ್ಲಿ ಪಾಚಿ ಹಿಡಿದಿತ್ತು. ಅಮ್ಮ ಜಾರಿ ಬಿದ್ದರು, ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಬಿಚ್ಚಿದ ಮೇಲೆ ಬೆರಳು ಮಡಚಲು ಬರುತ್ತಿರಲಿಲ್ಲ. ಆಗ ಹೇಳಿಕೊಂಡ ಹರಕೆ ಇದು. ನಮ್ಮ ಮನೆ ಕಾಸರಗೋಡಿನ ಕಡೆಯ ಬೇಳದ ಶೋಕಮಾತೆಯ ಇಗರ್ಜಿಯಿಂದ ದೂರವಿಲ್ಲ. 1890ರ ಇಗರ್ಜಿ. ಅಷ್ಟು ಹತ್ತಿರ ತಾಯಿ ಇರುವಾಗ ಗೋವಾದವರೆಗೆ ಯಾಕೆ ಅಂತ ಕೇಳಿದೆ. "ಅವಳಿಗೆ ದಿನಾ ತೊಂದರೆ ಕೊಡ್ತೇನೆ. ಇದಕ್ಕೆ ಸಾಯ್ಬನ ಹತ್ತಿರ ಹೋಗುವ" ಅಂದರು. ಸಾಯ್ಬ ಅಂದರೆ ಸಂತ ಫ್ರಾನ್ಸಿಸ್ ಕ್ಸೇವಿಯರ್. ಕೊಂಕಣಿಯವರಿಗೆಲ್ಲ ಅವರು 'ಗೊಂಯ್ಚೊ ಸಾಯ್ಬ'.

ಕೈ ಮುರಿದದ್ದಕ್ಕೆ ಅಮ್ಮನಿಗೆ ಅಡುಗೆಯ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಕಾರ್ಡಿನದ್ದು.

ನನಗೆ ನೆನಪಿರುವಂದಿನಿಂದ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಕಾರ್ಡು ಅಂಗಡಿಯಿಂದ ತಂದದ್ದಿಲ್ಲ. ವರ್ಷವಿಡೀ ಬಂದ ಮದುವೆ ಕಾಗದಗಳನ್ನು ಅಮ್ಮ ಹಾಸಿಗೆ ಕೆಳಗೆ ಚಪ್ಪಟೆಯಾಗಿ ಇಡುತ್ತಾರೆ. ದಪ್ಪ ಕಾಗದ, ಹಿಂಬದಿ ಖಾಲಿ. ಅದನ್ನು ಮಡಚಿದರೆ ಕಾರ್ಡು. ಮುಂಬದಿಯ ಬಂಗಾರದ ಹೊಳಪಿನ ಅಂಚು ಕತ್ತರಿಸಿದರೆ ನಕ್ಷತ್ರ. ನಮ್ಮ ನೆರೆಯವರಲ್ಲಿ ಹೆಚ್ಚಿನವರು ಹಿಂದೂಗಳು. ಹಾಗಾಗಿ ಎಷ್ಟೋ ಕಾರ್ಡುಗಳ ಒಳಗೆ, ಅಂಟಿಸಿದ ಬಿಳಿ ಹಾಳೆಯ ಅಡಿಯಲ್ಲಿ, ಗಣಪತಿ ಕೂತಿರುತ್ತಾನೆ. ಬೆಳಕಿಗೆ ಹಿಡಿದರೆ ಸೊಂಡಿಲು ಕಾಣುತ್ತದೆ. ಬಂಗಾರದ ನಕ್ಷತ್ರ ಒಳ್ಳೆಯ ಮನೆಯ ಮದುವೆಯದ್ದಾದರೆ ಜಾಸ್ತಿ ಹೊಳೆಯುತ್ತದೆ, ಅಷ್ಟೇ ವ್ಯತ್ಯಾಸ.

ಅಂಟೂ ಮನೆಯದ್ದೇ. ಮೈದಾ ಕುದಿಸಿ, ಹುಳ ಬರದ ಹಾಗೆ ಅಡಿಕೆ ಮದ್ದಿಗೆ ತಂದ ಮೈಲುತುತ್ತು ಒಂದು ಚಿಟಿಕೆ ಹಾಕುವುದು. ಈ ಅಂಟು ಕೂಡಲೇ ಹಿಡಿಯುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಎಷ್ಟು ಹೊತ್ತು? ಅಮ್ಮನ ಲೆಕ್ಕ ಒಂದು 'ನಮೋ ಮರಿಯಾ'. ಕಾರ್ಡು ಯಾರಿಗೋ ಅವರ ಹೆಸರು ಹೇಳಿ, ಹೆಬ್ಬೆರಳು ಒತ್ತಿ, ಜಪ ಮುಗಿಯುವಾಗ ಬಿಡುವುದು. ಪಟ್ಟಿಯಲ್ಲಿ 35 ಹೆಸರು. ಮಸ್ಕತ್ತಿನ ಅತ್ತಿಗೆಯಿಂದ ಹಿಡಿದು ಪಕ್ಕದ ಮನೆಯ ಭಟ್ಟರವರೆಗೆ. ಜಾಗದ ತಕರಾರಿನಿಂದ ಮಾತು ಬಿಟ್ಟ ಚಿಕ್ಕಪ್ಪನ ಕಾರ್ಡಿಗೆ ಮಾತ್ರ ಮೂರು ನಮೋ ಮರಿಯಾ ಬೇಕು. ಅಂಟು ಒಂದೇ, ಕಾಗದ ಒಂದೇ, ಆದರೂ ಅದು ಬೇಗ ಹಿಡಿಯುವುದಿಲ್ಲವಂತೆ.

ನಾನು ಕೆಲಸಕ್ಕೆ ಸೇರಿದ ಮೇಲೆ ಇದರಿಂದ ಜಾರಿಕೊಂಡಿದ್ದೆ. ಒಂದು ಚಿತ್ರ ಹುಡುಕಿ ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಸಲ ಕಳಿಸಿಬಿಡುತ್ತಿದ್ದೆ. ಅದಕ್ಕೆ ನಾಚಿಕೆಯೇನೂ ಇಲ್ಲ. ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಪುರುಸೊತ್ತಿಲ್ಲದೆ. ಲಂಡನ್ನಿನ ಹೆನ್ರಿ ಕೋಲ್ ಎಂಬವನಿಗೆ ಎಲ್ಲರಿಗೂ ಕೂತು ಕಾಗದ ಬರೆಯಲು ಸಮಯ ಇರಲಿಲ್ಲ. ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿ ಅಚ್ಚು ಹಾಕಿಸಿದ. ನಡುವಲ್ಲಿ ಹಬ್ಬದೂಟಕ್ಕೆ ಕೂತ ಮನೆಮಂದಿ, ಒಂದು ಬದಿಗೆ ಹಸಿದವರಿಗೆ ಊಟ ಕೊಡುವುದು, ಇನ್ನೊಂದು ಬದಿಗೆ ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಡುವುದು. ಇದು 1843ರಲ್ಲಿ. ಹಳೆ ಗೋವಾ ಬಿಟ್ಟು ಪಣಜಿ ಅಧಿಕೃತವಾಗಿ ರಾಜಧಾನಿಯಾದದ್ದೂ ಅದೇ 1843ರಲ್ಲಿ. ಸುಮ್ನೆ ಕಾಕತಾಳೀಯ, ಆದರೂ ನನಗೆ ಇಷ್ಟವಾಯಿತು.

ನವೆಂಬರ್ ಕೊನೆಯ ಶುಕ್ರವಾರ ರಾತ್ರಿ ಕಾಸರಗೋಡಿನಲ್ಲಿ ರೈಲು ಹತ್ತಿದೆವು. ಮಡಗಾಂವಿನಲ್ಲಿ ಇಳಿದು, ಬಸ್ಸು ಬದಲಿಸಿ, ಬೆಳಿಗ್ಗೆ ಹಳೆ ಗೋವಾ ಮುಟ್ಟಿದಾಗ ಬೊಮ್ ಜೀಸಸ್ ಬಸಿಲಿಕಾದ ಅಂಗಳ ತುಂಬಿತ್ತು. ಡಿಸೆಂಬರ್ 3ರ ಹಬ್ಬಕ್ಕೆ ನವೆಂಬರ್ 24ರಿಂದಲೇ ನೊವೆನಾ. ನಡೆದೇ ಬಂದವರು ಕಾಲಿಗೆ ಎಣ್ಣೆ ತಿಕ್ಕುತ್ತಾ ನೆರಳಲ್ಲಿ ಕೂತಿದ್ದರು.

ಬಸಿಲಿಕಾದ ಗೋಡೆ ನೋಡಿ ಅಮ್ಮನಿಗೆ ಆಶ್ಚರ್ಯ. "ಇದು ನಮ್ಮ ಮುರಕಲ್ಲಲ್ವಾ!" ಹೌದು, ನಮ್ಮ ಬಾವಿಕಟ್ಟೆಯದ್ದೇ ಕಲ್ಲು. ತೂತು ತೂತು, ಕೆಂಪು. ಮೊದಲು ಇದಕ್ಕೂ ಸುಣ್ಣದ ಗಾರೆ ಇತ್ತು, 1950ರ ಸುಮಾರಿಗೆ ಕೆತ್ತಿ ತೆಗೆದರು. ಅಮ್ಮನಿಗೆ ಆ ಬುದ್ಧಿ ಹಿಡಿಸಲಿಲ್ಲ. ಮಳೆಗಾಲದಲ್ಲಿ ಮುರಕಲ್ಲು ಎಷ್ಟು ನೀರು ಕುಡಿಯುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕೇ?

ಸಾಯ್ಬನ ದೇಹ ಇರುವ ಪೆಟ್ಟಿಗೆ ತುಂಬ ಎತ್ತರದಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಕೆಳಗೆ ಇಳಿಸುತ್ತಾರೆ. ಹೋದ ಸಲ ಇಳಿಸಿದ್ದು 2024ರ ನವೆಂಬರಿನಲ್ಲಿ, ನಾವು ಹೋಗಿರಲಿಲ್ಲ. ಜನ ನೂಕುತ್ತಿದ್ದರು. ಅಮ್ಮ ಮೇಣದ ಕೈ ಒಪ್ಪಿಸಿ, ತಮ್ಮ ಕೈಯನ್ನೂ ಒಮ್ಮೆ ಮೇಲೆತ್ತಿ ಬೆರಳು ಮಡಚಿ ಬಿಡಿಸಿ ತೋರಿಸಿದರು. ಡಾಕ್ಟರಿಗೆ ತೋರಿಸಿದ ಹಾಗೆ. ಅಷ್ಟೇ ಪ್ರಾರ್ಥನೆ.

ರಸ್ತೆಯ ಆಚೆ ಸೆ ಕೆಥೆಡ್ರಲ್. ಹುಲ್ಲಿನ ನಡುವೆ ಬೆಳ್ಳಗೆ. 1562ರಲ್ಲಿ ಕಟ್ಟಲು ಶುರು ಮಾಡಿ 1619ಕ್ಕೆ ಮುಗಿಸಿದರು. ಬಲಿಪೀಠ ಮುಗಿಯಲು ಇನ್ನೂ ಹಿಡಿಯಿತು. ಪೋರ್ಚುಗೀಸರ ಆಲ್ಬುಕರ್ಕ್ ಗೋವಾ ಗೆದ್ದದ್ದು 1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ. ಹಾಗಾಗಿ ಕೆಥೆಡ್ರಲಿಗೆ ಅವಳ ಹೆಸರು. ಯುದ್ಧ ಗೆದ್ದ ದಿನದ ನೆನಪಿಗೆ ಪ್ರಾರ್ಥನೆಯ ಮನೆಗೆ ಹೆಸರು ಇಡುವುದು ನನಗೆ ಯಾಕೋ ಒಗ್ಗುವುದಿಲ್ಲ. ಆ ಮೇಲೆ 1560ರಲ್ಲಿ ಇಗರ್ಜಿಯ ಮತವಿಚಾರಣೆ, ಅಂದರೆ ಇನ್‌ಕ್ವಿಸಿಶನ್ ಬಂತು, ಬರಗಾಲ ಬಂತು, ಮರಾಠರ ಜೊತೆ ಕಾಳಗ ಬಂತು. ನಮ್ಮ ಹಿರಿಯರು ಗಂಟುಮೂಟೆ ಕಟ್ಟಿ ದಕ್ಷಿಣಕ್ಕೆ ಬಂದರು. ಓಡಿಬಂದ ಊರಿಗೇ ರಿಟರ್ನ್ ಟಿಕೆಟ್ ಮಾಡಿಸಿ ಹರಕೆ ತೀರಿಸಲು ಬಂದಿದ್ದೇವೆ ಅಂತ ಅಮ್ಮನಿಗೆ ಹೇಳಿದೆ. "ಅವರು ಊರು ಬಿಟ್ಟದ್ದು, ಸಾಯ್ಬನನ್ನು ಬಿಟ್ಟದ್ದಲ್ಲ" ಅಂದರು.

ಒಳಗೆ ದೊಡ್ಡ ಬಲಿಪೀಠ. ನೆಲದಿಂದ ಮಾಡಿನವರೆಗೆ ಮರದ ಕೆತ್ತನೆ, ಅದರ ಮೇಲೆ ಚಿನ್ನದ ತೆಳು ರೇಕು. ಕ್ಯಾಥರೀನಳ ಕಥೆ ಅದರಲ್ಲಿದೆ. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಅಮ್ಮ ಕಿವಿಯ ಹತ್ತಿರ ಬಂದು, "ಇಷ್ಟು ಬಂಗಾರದ ಕಾಗದ ಸಿಕ್ಕಿದರೆ ಎಷ್ಟು ವರ್ಷಕ್ಕೆ ಸಾಕು?" ಅಂತ ಪಿಸುಗುಟ್ಟಿದರು. ಇಗರ್ಜಿಯೊಳಗೆ ನಗಬಾರದು ಅಂತ ಗೊತ್ತು.

ಹೊರಗೆ ಬಂದು ಹುಲ್ಲಿನಾಚೆಯಿಂದ ಹಿಂತಿರುಗಿ ನೋಡಿದಾಗ ಅಮ್ಮ ತುಂಬ ಹೊತ್ತು ನಿಂತರು. ಕೆಥೆಡ್ರಲಿಗೆ ಎರಡು ಗೋಪುರ ಇದ್ದವು. ಒಂದು 1776ರಲ್ಲಿ ಬಿತ್ತು. ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ ದೊಡ್ಡ ಗಂಟೆ ಇದೆ, ಅದರ ಸ್ವರಕ್ಕೆ ಬಂಗಾರದ ಗಂಟೆ ಅಂತಲೇ ಹೆಸರು.

"ಇದಕ್ಕೂ ಒಂದು ಕೈ ಇಲ್ಲ ನೋಡು" ಅಂದರು ಅಮ್ಮ. ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದರು. ಚಳಿಗೋ, ಬಸ್ಸಿನ ಕಂಬಿ ಹಿಡಿದದ್ದಕ್ಕೋ, ಸಣ್ಣಗೆ ನೋಯುತ್ತಿತ್ತು.

ಮರುದಿನ ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ಗುರುಗಳು ನೇರಳೆ ಬಟ್ಟೆಯಲ್ಲಿದ್ದರು. ಎಚ್ಚರವಾಗಿರಿ ಎಂಬ ವಾಚನ ಓದುವಾಗಲೇ ನನಗೆ ತೂಕಡಿಕೆ. ಅಮ್ಮನ ಮೊಣಕೈ ಪಕ್ಕೆಗೆ ತಾಗಿತು. ಆ ಕೈಗೆ ಏನೂ ಆಗಿಲ್ಲ.

ಊರಿಗೆ ಬಂದ ಮೇಲೆ ಕತ್ತರಿ ನನ್ನ ಕೈಗೆ ಬಂತು. ಅಮ್ಮನ ಬೆರಳು ಮಡಚುತ್ತದೆ, ಆದರೆ ಸಣ್ಣ ಕೆಲಸಕ್ಕೆ ನಡುಗುತ್ತದೆ. ಅವರು ಹೆಬ್ಬೆರಳು ಒತ್ತುವವರು, ನಾನು ಕತ್ತರಿಸುವವಳು. ಈ ವರ್ಷ ಕಾರ್ಡಿನಲ್ಲಿ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆ, ಬೇಡ, ಕೆಥೆಡ್ರಲ್ ಮಾಡುವ ಅಂತ ಅವರೇ ಹೇಳಿದರು. ಬಿಳಿ ಕಾಗದದ ಇಗರ್ಜಿ, ಒಂದೇ ಗೋಪುರ, ನೀಲಿ ಆಕಾಶ. ಬಿದ್ದ ಗೋಪುರದ ಜಾಗ ಬೋಳು ಕಾಣುತ್ತದೆ ಅಂತ ನಾನು ಅಲ್ಲಿ ಬಂಗಾರದ ನಕ್ಷತ್ರ ಇಟ್ಟೆ. ಅಮ್ಮ ಉಗುರಿನಿಂದ ಎಬ್ಬಿಸಿ ತೆಗೆದು ಬಾಗಿಲಿನ ಮೇಲೆ ಇಟ್ಟರು. "ಅಲ್ಲಿ ಖಾಲಿಯೇ ಇರಲಿ. ಖಾಲಿ ಇದ್ದದ್ದನ್ನೇ ಅಲ್ವಾ ನೋಡಿದ್ದು?"

ಮೊದಮೊದಲು ನನ್ನ ಜಪ ಸುಮ್ಮನೆ ಓಡುತ್ತಿತ್ತು. ಹತ್ತು ಕಾರ್ಡು ಆಗುವ ಹೊತ್ತಿಗೆ ಹೆಸರು ಹೇಳಿದ ಕೂಡಲೇ ಮುಖ ಬರತೊಡಗಿತು. ಮಸ್ಕತ್ತಿನ ಅತ್ತಿಗೆಗೆ ಸೊಂಟನೋವು ಅಂತ ಎರಡು ವರ್ಷದ ಮೇಲೆ ಆಗ ನೆನಪಾಯಿತು. ಚಿಕ್ಕಪ್ಪನ ಕಾರ್ಡು ಅಮ್ಮ ನನ್ನ ಕೈಗೆ ಕೊಟ್ಟರು. "ನನ್ನ ಕೈ ನೋಯುತ್ತದೆ, ನೀನು ಒತ್ತು." ಒತ್ತಿದೆ. ಮೂರಕ್ಕೂ ಹಿಡಿಯಲಿಲ್ಲ. ಐದಕ್ಕೆ ಹಿಡಿಯಿತು.

ಆಗಮನ ಕಾಲದ ಮೂರನೇ ಭಾನುವಾರ, ಗುಲಾಬಿ ಬಣ್ಣದ ಮೇಣದಬತ್ತಿ ಹೊತ್ತಿಸುವ ದಿನದ ಹೊತ್ತಿಗೆ 34 ಆಗಿ ಅಂಚೆಗೆ ಹೋದವು. ಭಟ್ಟರ ಮನೆಗೆ ಮಾತ್ರ ಅಂಚೆ ಇಲ್ಲ, ನಾನೇ ಕೊಟ್ಟು ಬರುವುದು. ಅವರ ಮಗಳು ತವರಿಗೆ ಬಂದಿದ್ದಳು. ಕಾರ್ಡು ಹಿಂದೆ ಮುಂದೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. "ಇದು ನನ್ನದೇ ಮದುವೆ ಕಾಗದ!" ಅಂತ ಕೂಗಿ ಒಳಗಿದ್ದ ಅಮ್ಮನಿಗೆ ತೋರಿಸಲು ಓಡಿದಳು.

ಭಟ್ಟರು ಕನ್ನಡಕ ಏರಿಸಿ ನೋಡಿ, "ಚಂದ ಆಗಿದೆ. ಒಂದು ಗೋಪುರ ಅಂಟಿಸಲು ಮರೆತದ್ದಾ?" ಅಂದರು.

"ಇಲ್ಲ" ಅಂದೆ. "ಅದು ಇರುವುದೇ ಹಾಗೆ."